ತಿಥಿಯಾದ ಅಪ್ಪನ ನೋಟಿಸು

ಅಜಯ್ ಗಲಗಲಿ ಮೊದಲಿನಿಂದಲೂ ಅಂಜುಬುರುಕ. ಆಡಿಕೊಳ್ಳುವುದಕ್ಕೆ ಹೇಳಿದ ಮಾತಲ್ಲ ಇದು, ಅವನನ್ನು ಬಲ್ಲ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ವಡೋದರಾದ ರೈಲ್ವೆ ಪಾರ್ಸೆಲ್ ಕಚೇರಿಯಲ್ಲಿ ಇಪ್ಪತ್ತು ವರ್ಷ ಸವೆಸಿದ್ದರೂ, ಸಾಹೇಬರು "ಗಲಗಲಿಭಾಯ್" ಎಂದು ಕೂಗಿದರೆ ಅವನ ಕೈ ಮೊದಲು ಅಂಗಿಯ ಗುಂಡಿ ಹುಡುಕುತ್ತದೆ. ಡ್ಯೂಟಿಗೆ ಹೊರಟವನು ಅರ್ಧ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ, ಗ್ಯಾಸ್ ಆರಿಸಿದೆಯಾ ಎಂದು ಹೆಂಡತಿ ವಿಂಧ್ಯಾಳಿಗೆ ಫೋನ್ ಮಾಡುತ್ತಾನೆ. ಮಗಳು ಮೇದಿನಿ ಕಾಲೇಜಿನಿಂದ ಬರುವುದು ಹತ್ತು ನಿಮಿಷ ತಡವಾದರೆ ಸೊಸೈಟಿಯ ಗೇಟಿಗೆ ಹೋಗಿ ನಿಲ್ಲುತ್ತಾನೆ. ನಲವತ್ತಮೂರು ವರ್ಷದ ಗಂಡಸಿಗೆ ಇಷ್ಟು ಪುಕ್ಕಲುತನ ಇರಬಾರದು ಎಂದು ವಿಂಧ್ಯಾ ನಗುತ್ತಾಳೆ. ಅವನೂ ನಗುತ್ತಾನೆ. ಈ ಚಿಲ್ಲರೆ ಹೆದರಿಕೆಗಳ ಹಿಂದೆ ಒಂದು ದೊಡ್ಡ ಹೆದರಿಕೆ ಕೂತಿತ್ತೆಂಬುದನ್ನು ಅವನು ಅವಳಿಗೂ ಹೇಳಿರಲಿಲ್ಲ.

ಆ ದೊಡ್ಡದು ಕಾರ್ತಿಕದ ಒಂದು ಶನಿವಾರ ರಿಜಿಸ್ಟರ್ ಅಂಚೆಯಲ್ಲಿ ಮನೆಗೇ ಬಂತು. ಗುಜರಾತಿಯಲ್ಲಿ ಟೈಪು ಮಾಡಿದ ಎರಡು ಹಾಳೆಗಳ ನೋಟಿಸು. ವಡೋದರಾದಲ್ಲೇ ಬೆಳೆದ ಅಜಯನಿಗೆ ಗುಜರಾತಿ ಓದಲು ತೊಡಕಿಲ್ಲ. ಸೂರತ್‌ನ ಪ್ರಾಂತ್ ಕಚೇರಿ, ಅಂದರೆ ಉಪವಿಭಾಗಾಧಿಕಾರಿಯ ಕಚೇರಿ, ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ, ಅದರಡಿಯ ನ್ಯಾಯಮಂಡಳಿ. ಅರ್ಜಿದಾರರು ಹಯವದನ ವೆಂಕಟೇಶ ಗಲಗಲಿ, ವಯಸ್ಸು ಎಪ್ಪತ್ತೈದು, ವಾಸ ಉಧ್ನಾದ ಒಂದು ವೃದ್ಧಾಶ್ರಮ. ಎದುರು ಪಕ್ಷ ಅಜಯ್ ಹಯವದನ ಗಲಗಲಿ, ಸಂಬಂಧ ಮಗ. ಅರ್ಜಿದಾರರಿಗೆ ದುಡಿಯುವ ಶಕ್ತಿಯಿಲ್ಲ, ಮಗ ಸರ್ಕಾರಿ ನೌಕರಿಯಲ್ಲಿದ್ದಾನೆ, ಆದ್ದರಿಂದ ತಿಂಗಳಿಗಿಷ್ಟು ಪೋಷಣೆಯ ಮೊತ್ತ ಕೊಡಿಸಬೇಕು. ಇಂಥ ದಿನ ಖುದ್ದಾಗಿ ಹಾಜರಾಗತಕ್ಕದ್ದು, ತಪ್ಪಿದರೆ ಏಕಪಕ್ಷೀಯವಾಗಿ ಆದೇಶವಾಗುತ್ತದೆ.

ಅಜಯ್ ತಲೆ ಎತ್ತಿದ. ಎದುರು ಗೋಡೆಯ ಮೇಲೆ ಅದೇ ಹಯವದನ ವೆಂಕಟೇಶ ಗಲಗಲಿಯವರು ಗಂಧದ ಹಾರ ಹಾಕಿಕೊಂಡು ಅವನನ್ನೇ ನೋಡುತ್ತಿದ್ದರು. ಅವನು ನೋಟಿಸನ್ನು ನಾಲ್ಕಾಗಿ ಮಡಿಸಿ, ಮಡಿಸಿದ್ದನ್ನು ಮತ್ತೆ ಮಡಿಸಿ, ಪ್ಯಾಂಟಿನ ಜೇಬಿಗೆ ತುರುಕಿ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡ.

ಇದು ಹೇಗೆ ಎಂದು ಓದುವವರಿಗೆ ಹೇಳಲೇಬೇಕು. ಗಲಗಲಿಯವರು ಬಾಗಲಕೋಟೆ ಕಡೆಯವರು. ಹಯವದನರು ರೈಲ್ವೆ ಸೇರಿ ಗುಜರಾತಿಗೆ ಬಂದು, ವಡೋದರಾ ಹತ್ತಿರದ ಒಂದು ಚಿಕ್ಕ ನಿಲ್ದಾಣದಲ್ಲಿ ಸಹಾಯಕ ಸ್ಟೇಷನ್ ಮಾಸ್ತರರಾಗಿದ್ದರು. ಸಾವಿರದ ಒಂಬೈನೂರ ತೊಂಬತ್ತಾರರ ಶ್ರಾವಣದಲ್ಲಿ ಅವರ ಕೈತಪ್ಪಿನಿಂದ ಎರಡು ಗಾಡಿಗಳು ಒಂದೇ ಹಳಿಗೆ ಬಂದವು. ಚಾಲಕರಿಬ್ಬರೂ ಬ್ರೇಕ್ ಹಾಕಿ ನೂರು ಗಜ ದೂರದಲ್ಲಿ ನಿಲ್ಲಿಸಿದರು, ಯಾರಿಗೂ ಒಂದು ಗೀರೂ ಆಗಲಿಲ್ಲ. ನಾಲ್ಕು ದಿನ ಬಿಟ್ಟು ವಿಚಾರಣೆಗೆ ಕರೆ ಬಂತು. ವಿಚಾರಣೆಯ ಹಿಂದಿನ ದಿನ ಅವರು ಊಟದ ಡಬ್ಬಿ ಹಿಡಿದು "ಬರ್ತೀನಿ" ಎಂದು ಹೊರಟವರು ಬರಲೇ ಇಲ್ಲ. ಹದಿನಾಲ್ಕು ವರ್ಷದ ಅಜಯ್ ಹೊಸ್ತಿಲ ಮೇಲೆ ಕೂತು ಶಾಲೆಗೆ ಹೋಗಲು ಬೂಟು ಕಟ್ಟುತ್ತಿದ್ದ. ಅಪ್ಪನ ಕೈಗಡಿಯಾರ ಗೂಡಿನಲ್ಲೇ ಉಳಿದದ್ದನ್ನು ಅವನು ನೋಡಿದ್ದ. ಗಡಿಯಾರವಿಲ್ಲದೆ ಮನೆ ಬಿಡುವ ಸ್ಟೇಷನ್ ಮಾಸ್ತರ ಇರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಯಾಕೋ ಹೆದರಿಕೆಯಾಗಿ ಕೇಳದೆ ಸುಮ್ಮನಿದ್ದುಬಿಟ್ಟ.

ಏಳು ವರ್ಷ ಸುದ್ದಿಯಿಲ್ಲದವರು ಸತ್ತಂತೆ ಎಂದು ಕಾನೂನು ಹೇಳಿತು. ತಾಯಿ ರಮಾಮಣಿಗೆ ಪಿಂಚಣಿ ಬಂತು, ಅಜಯನಿಗೆ ಅನುಕಂಪದ ಆಧಾರದ ಮೇಲೆ ನೌಕರಿ ಸಿಕ್ಕಿತು. ಹನ್ನೆರಡು ವರ್ಷ ಸುದ್ದಿಯಿಲ್ಲದವರಿಗೆ ಸಂಸ್ಕಾರ ಮಾಡಿಬಿಡಬೇಕು ಎಂದು ಶಾಸ್ತ್ರ ಹೇಳಿತು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ಪುರೋಹಿತರು ರಾಮಕೃಷ್ಣಾಚಾರ್ಯರು ಬಂದು, ಚಾಂದೋದಿನ ನರ್ಮದಾ ದಂಡೆಯಲ್ಲಿ ಮುತ್ತುಗದ ದಂಟು, ದರ್ಭೆ ಜೋಡಿಸಿ, ತಲೆಯ ಜಾಗದಲ್ಲಿ ತೆಂಗಿನಕಾಯಿ ಇಟ್ಟು ಒಬ್ಬ ಹಯವದನರನ್ನು ಮಾಡಿದರು. ಅಜಯ್ ಅದಕ್ಕೆ ಬೆಂಕಿ ಇಟ್ಟ. ಅಂದು ಸಂಜೆ ರಮಾಮಣಿ ಬಳೆ ತೆಗೆದು, ಹಣೆ ಒರೆಸಿಕೊಂಡರು. ಅಲ್ಲಿಂದ ಈಚೆಗೆ ಪ್ರತಿ ಮಾರ್ಗಶಿರದ ಅಮಾವಾಸ್ಯೆಯ ದಿನ ತಿಥಿ, ಪಿಂಡ, ಆಚಾರ್ಯರಿಗೆ ಊಟ. ಒಂದು ವರ್ಷವೂ ತಪ್ಪಿರಲಿಲ್ಲ.

ಬಚ್ಚಲುಮನೆಯಿಂದ ಹೊರಬಂದ ಅಜಯ್ ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ಸಂಜೆ ಕಮಾಟಿ ಬಾಗ್‌ಗೆ ವಾಕಿಂಗ್ ನೆಪದಲ್ಲಿ ಹೋಗಿ ಮಲ್ಲಿಕಾರ್ಜುನ ಅವರನ್ನು ಹಿಡಿದ. ಅವರು ರೈಲ್ವೆಯ ಸಿಬ್ಬಂದಿ ಶಾಖೆಯಲ್ಲಿದ್ದು ನಿವೃತ್ತರಾದವರು, ಗದಗಿನವರು, ಯಾವ ಕಡತ ಯಾವಾಗ ಯಾರನ್ನು ಕಚ್ಚುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ತನ್ನ ಗೆಳೆಯನೊಬ್ಬನ ವಿಷಯ ಎಂದು ಅಜಯ್ ಎಲ್ಲ ಹೇಳಿದ. ಮಲ್ಲಿಕಾರ್ಜುನರು ಬೆಂಚಿನ ಮೇಲೆ ಕೂತು ಶೂಜಿನ ಲೇಸು ಸಡಿಲಿಸಿದರು.

"ಸತ್ತವರು ಎದ್ದು ಬಂದ್ರ ಅವರ ಕಡತಾನೂ ಎದ್ದು ಬರ್ತದರೀ. ನೌಕರಿ ಕೊಟ್ಟದ್ದು ಯಾತಕ್ಕ? ಅಪ್ಪ ಇಲ್ಲ ಅಂತ. ಈಗ ಇದ್ದಾರ ಅಂದ್ರ?"

"ಅಂದ್ರ ನೌಕರಿ ಹೋಗ್ತದೇನ್ರಿ?" ಅಜಯನ ಕೈ ಅಂಗಿಯ ಗುಂಡಿಗೆ ಹೋಯಿತು.

"ಹಂಗ ಒಮ್ಮೆಲೇ ಅಲ್ಲ. ನಿಮ್ಮ ಗೆಳೆಯಾ ಸುಳ್ಳು ಹೇಳಿ ತಗೊಂಡಿಲ್ಲಲ್ಲ, ಗೊತ್ತಿಲ್ಲದ ಆದದ್ದು. ಕೈ ಕಾಲು ಹಿಡದು ಬಚಾವ್ ಆಗಬಹುದು. ಆದ್ರ ಅವರು ಒಂದು ಮಾತು ಕೇಳೇ ಕೇಳ್ತಾರ. ಅಪ್ಪ ಇದ್ದಾರ ಅಂತ ನಿನಗ ಯಾವಾಗ ಗೊತ್ತಾತು ಅಂತ. ನೋಟಿಸು ಬಂದ ದಿವಸ ಅಂದ್ರ ಸರಿ. ಮೊದಲ ಗೊತ್ತಿತ್ತು, ಸುಮ್ಮನ ಕೂತಿದ್ದ ಅಂತಾದ್ರ ಮುಗೀತು ಅವನ ಕಥಿ."

ಅಜಯ್ ತಲೆಯಾಡಿಸಿದ. ಗೆಳೆಯನಿಗೆ ಹೇಳುತ್ತೇನೆ ಎಂದ. ಮಲ್ಲಿಕಾರ್ಜುನರು ಅವನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿ, ಹವೆಯ ಮಾತಿಗೆ ಹೊರಳಿದರು. ಮನೆಗೆ ಬರುವಾಗ ಅವನಿಗೆ ಸ್ಕೂಟರ್ ಎಲ್ಲಿ ನಿಲ್ಲಿಸಿದ್ದೆ ಎಂಬುದೇ ಮರೆತುಹೋಗಿತ್ತು.

ಆ ವಾರ ಮನೆಯಲ್ಲಿ ಹೇಳದೆ ಗತಿಯಿರಲಿಲ್ಲ. ವಿಂಧ್ಯಾ ನೋಟಿಸನ್ನು ಓದಿ, ಮೊದಲು ನಂಬದೆ, ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. ಮನೆಯ ಸಾಲ, ಮೇದಿನಿಯ ಓದು ಎಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು. ಮೇದಿನಿ ತನ್ನ ಅರೆಬರೆ ಕನ್ನಡದಲ್ಲಿ, "ಅಜ್ಜ ಅಂದ್ರೆ ಈ ಫೋಟೋ ವಾಲಾ ಅಜ್ಜಾನಾ? ನಾವು ಎವ್ರಿ ಇಯರ್ ಪೂಜಾ ಮಾಡೋದು ಇವರದೇ ಅಲ್ವಾ?" ಎಂದು ಕೇಳಿದಳು.

ರಮಾಮಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿದರು. ಎಪ್ಪತ್ತು ವರ್ಷದ ಆ ಹೆಂಗಸು ಅಳಲಿಲ್ಲ, ಕೂಗಾಡಲಿಲ್ಲ. ಕೈಯಲ್ಲಿದ್ದ ಹುಣಸೆಹಣ್ಣನ್ನು ನೀರಿಗೆ ಹಾಕಿ ಬಂದು ಮಗನ ಎದುರು ಕೂತರು.

"ಅಲ್ಲ ಅಂತ ಹೇಳಿ ಬಾ."

"ಅಮ್ಮಾ..."

"ಇವರು ನಮ್ಮವರಲ್ಲ ಅಂತ ಹೇಳಿ ಬಾ. ಅವರು ಹೋದದ್ದಕ್ಕ ನಾನು ಒಂದು ಸಲ ಅತ್ತು ಮುಗಿಸೀನಿ. ಈಗ ಬಂದದ್ದಕ್ಕ ಅಳೋ ಶಕ್ತಿ ಇಲ್ಲ ನನಗ. ನಿನ್ನ ನೌಕರಿ ಹೋದ್ರ ಈ ಹುಡುಗಿ ಗತಿ ಏನು? ಅವರು ಆವತ್ತು ನಮ್ಮ ಗತಿ ನೋಡಿದ್ರೇನು?"

ಅದೇ ಸಂಜೆ ಆಚಾರ್ಯರ ಫೋನು ಬಂತು. ಈ ಸಲ ಅಮಾವಾಸ್ಯೆ ಶುಕ್ರವಾರ ಬಂದದ, ಬೆಳಿಗ್ಗೆ ಗಾಡಿಗೆ ಬಂದುಬಿಡ್ತೀನಿ, ಎಳ್ಳು ಮರೀಬ್ಯಾಡ ಎಂದರು. ಅಜಯ್ ಧೈರ್ಯ ಮಾಡಿ, ತಿಥಿ ಮಾಡಿಸಿಕೊಂಡವರು ತಿರುಗಿ ಬಂದರೆ ಏನು ಮಾಡಬೇಕು ಎಂದು ಕೇಳಿದ. ಸುಮ್ಮನೆ ಕೇಳಿದೆ ಎಂದೂ ಸೇರಿಸಿದ. ಆಚಾರ್ಯರು ಉತ್ಸಾಹದಿಂದಲೇ ಹೇಳಿದರು: ಅದಕ್ಕೂ ವಿಧಿ ಇದೆ, ತುಪ್ಪದಲ್ಲಿ ಮುಳುಗಿಸಿ ತೆಗೆದು, ಹುಟ್ಟಿದ ಕೂಸಿಗೆ ಮಾಡಿದಂತೆ ಜಾತಕರ್ಮದಿಂದ ಶುರು ಮಾಡಬೇಕು, ನಾಮಕರಣ, ಉಪನಯನ, ಕಡೆಗೆ ಅದೇ ಹೆಂಡತಿಯೊಂದಿಗೆ ಮತ್ತೆ ಮದುವೆ. ಎಳ್ಳು ಮರೆಯುವುದಿಲ್ಲ ಎಂದು ಹೇಳಿ ಅಜಯ್ ಫೋನ್ ಇಟ್ಟ.

ವಿಚಾರಣೆಯ ದಿನ ಅವನು ಒಬ್ಬನೇ ಸೂರತ್ ಕಡೆಯ ಗಾಡಿ ಹತ್ತಿದ. ವಿಂಧ್ಯಾ ಬರುತ್ತೇನೆಂದರೂ ಬೇಡವೆಂದ, ಯಾಕೆಂದರೆ ಅವಳ ಎದುರು ಆಡಲಾಗದ ಒಂದು ಸಂಗತಿ ಅವನ ಹೊಟ್ಟೆಯಲ್ಲಿತ್ತು. ಭರೂಚ್ ದಾಟಿ ನರ್ಮದೆಯ ಸೇತುವೆ ಬಂದಾಗ ಅವನು ಕಿಟಕಿಯಿಂದ ಮುಖ ತಿರುಗಿಸಿ ಕೂತ.

ಒಂಬತ್ತು ವರ್ಷದ ಹಿಂದೆ ಅವನಿಗೆ ಬಡ್ತಿ ಸಿಕ್ಕಿ ಸೂರತ್ ಪಕ್ಕದ ಉಧ್ನಾದ ಪಾರ್ಸೆಲ್ ಕಚೇರಿಗೆ ವರ್ಗವಾಗಿತ್ತು. ಅಲ್ಲಿಂದ ದಿನಾ ಊರೂರಿಗೆ ಸೀರೆಯ ಮೂಟೆಗಳು ಹೋಗುತ್ತವೆ. ಗೋಣಿಯ ಮೇಲೆ ಕುಂಚದಿಂದ ಕಪ್ಪು ಶಾಯಿಯಲ್ಲಿ ವಿಳಾಸ ಬರೆದಿರುತ್ತಾರೆ. ಒಂದು ಮಧ್ಯಾಹ್ನ ಹುಬ್ಬಳ್ಳಿಗೆ ಹೋಗುವ ಒಂದು ಮೂಟೆಯ ಮೇಲೆ, ಇಂಗ್ಲಿಷ್ ವಿಳಾಸದ ಕೆಳಗೆ, ಯಾರೂ ಕೇಳದಿದ್ದರೂ ಕನ್ನಡದಲ್ಲಿ ಊರಿನ ಹೆಸರು ಬರೆದಿತ್ತು. ಕೊನೆಯ ಅಕ್ಷರದ ಬಾಲವನ್ನು ಉದ್ದಕ್ಕೆ ಎಳೆದು ತುದಿಗೊಂದು ಚುಕ್ಕೆ ಇಟ್ಟಿತ್ತು. ಗುಜರಾತಿ ಶಾಲೆಯಲ್ಲಿ ಓದಿದ ಅಜಯನಿಗೆ ಕನ್ನಡ ಅಕ್ಷರ ಕಲಿಸಿದ್ದು ಒಬ್ಬರೇ, ಅದೂ ಮನೆಯ ಸ್ಲೇಟಿನ ಮೇಲೆ, ಪ್ರತಿ ಸಲ ಹೀಗೇ ಬಾಲ ಎಳೆದು ಚುಕ್ಕೆ ಇಟ್ಟು. ಅವನು ಹಮಾಲರನ್ನು ಕರೆಯದೆ ತಾನೇ ಮೂಟೆಯನ್ನು ದಬ್ಬಿ ಅಕ್ಷರ ನೆಲಕ್ಕೆ ಬರುವಂತೆ ಮಗುಚಿ ಹಾಕಿದ.

ವಾರಕ್ಕೊಂದು ಅಂಥ ಮೂಟೆ ಬಂತು. ವಾರಕ್ಕೊಮ್ಮೆ ಮಗುಚಿ ಹಾಕಿದ. ಆ ಮೂಟೆ ಯಾವ ಗೋದಾಮಿನದು ಎಂಬುದು ಚೀಟಿಯಲ್ಲೇ ಇತ್ತು, ನಡೆದು ಹೋದರೆ ಕಾಲು ಗಂಟೆ. ಹೋಗಲಿಲ್ಲ. ಏಳು ತಿಂಗಳಲ್ಲಿ ಯಾರ ಯಾರದೋ ಕಾಲು ಹಿಡಿದು, ಬಡ್ತಿಯನ್ನೂ ಬಿಟ್ಟುಕೊಟ್ಟು ವಡೋದರಾಕ್ಕೆ ವಾಪಸು ಬಂದ. ಸೂರತ್‌ನ ನೀರು ಒಗ್ಗಲಿಲ್ಲ ಎಂದು ಮನೆಯಲ್ಲಿ ಹೇಳಿದ. ಆಮೇಲೂ ಒಂಬತ್ತು ಸಲ ಪಿಂಡ ಇಟ್ಟಿದ್ದಾನೆ, ಇಡುವಾಗ ಪ್ರತಿ ಸಲ ಕೈ ನಡುಗಿದೆ. ತಂದೆಯ ಮೇಲಿನ ಭಕ್ತಿಯೆಂದು ಆಚಾರ್ಯರು ಅದನ್ನು ಹೊಗಳಿದ್ದರು.

ಪ್ರಾಂತ್ ಕಚೇರಿಯ ಮೊಗಸಾಲೆಯಲ್ಲಿ ಉದ್ದನೆಯ ಬೆಂಚು. ಅದರ ತುದಿಯಲ್ಲಿ ಇಸ್ತ್ರಿ ಇಲ್ಲದ ಬಿಳಿ ಅಂಗಿಯ ಮುದುಕರೊಬ್ಬರು, ಮಡಿಲಲ್ಲಿ ಬಟ್ಟೆಯ ಚೀಲ. ಮುಖದಿಂದಾದರೆ ಅಜಯನಿಗೆ ಗುರುತು ಸಿಗುತ್ತಿರಲಿಲ್ಲ. ಹೊರಗೆಲ್ಲೋ ಗಾಡಿಯೊಂದು ಕೂಗಿತು, ಮುದುಕರ ಕಣ್ಣು ತಟ್ಟನೆ ಗೋಡೆಯ ಗಡಿಯಾರಕ್ಕೆ ಹೋಯಿತು. ಅಜಯ್ ಎರಡು ಜನರ ಜಾಗ ಬಿಟ್ಟು ಅದೇ ಬೆಂಚಿನ ಮೇಲೆ ಕೂತ.

ಮೊದಲು ಮಾತಾಡಿದ್ದು ಹಯವದನರು, ಕನ್ನಡದಲ್ಲಿ, ಇತ್ತ ತಿರುಗದೆಯೇ.

"ನಾ ಹಾಕಿದ ಅರ್ಜಿ ಅಲ್ಲ ಅದು. ಜ್ವರ ಬಂದು ಮಲಗಿದ್ದೆ. ಆಶ್ರಮದ ಪ್ರೇಮಾಬೆನ್ ಮಕ್ಕಳು ಎಲ್ಲಿದ್ದಾರ ಅಂತ ಕೇಳಿದ್ಲು, ಬಾಯಿಗೆ ನಿನ್ನ ಹೆಸರು, ರೈಲ್ವೆ ನೌಕರಿ ಎಲ್ಲ ಬಂದುಬಿಟ್ಟದ. ಅವಳೇ ವಿಳಾಸ ಹುಡುಕಿ, ಅರ್ಜಿ ಬರಸಿ ಹೆಬ್ಬಟ್ಟು ಒತ್ತಿಸಿದ್ಲು. ಪಾಪ, ಒಳ್ಳೆಯಕಿ."

ಅಜಯ್ ಜೇಬಿನಲ್ಲಿದ್ದ ನೋಟಿಸನ್ನು ತೆಗೆದು ಮತ್ತೊಂದು ಸಲ ಮಡಿಸಿದ.

"ಅನುಕಂಪದ ನೌಕರಿ, ಹೌದಲ್ಲ?"

"ಹೂಂ."

"ಅದಕ್ಕ ಹೇಳ್ತೀನಿ ಕೇಳು. ನಾ ಒಳಗ ಹೋಗಿ, ಇವ ನನ್ನ ಮಗ ಅಲ್ಲ, ಜ್ವರದಾಗ ಏನೋ ಬಡಬಡಿಸೀನಿ ಅಂತ ಹೇಳಿ ಎದ್ದು ಬರ್ತೀನಿ. ನೀ ಸುಮ್ಮನ ಕೂಡು ಸಾಕು. ಎದ್ದು ಹೋಗೋದು ನನಗ ರೂಢಿ ಅದ."

ಅಜಯನ ಎದೆಯ ಮೇಲಿಂದ ಮಣಭಾರ ಇಳಿದಂತಾಯಿತು. ನಾಚಿಕೆಯ ಮಾತೇ ಸರಿ, ಆದರೆ ಇಪ್ಪತ್ತೊಂಬತ್ತು ವರ್ಷದ ಮೇಲೆ ಸಿಕ್ಕ ಅಪ್ಪನ ಪಕ್ಕದಲ್ಲಿ ಕೂತು ಅವನಿಗೆ ಮೊದಲು ಆದದ್ದು ಹಾಯೆನಿಸುವ ನೆಮ್ಮದಿ. ನೌಕರಿ ಉಳಿಯಿತು, ಮನೆ ಉಳಿಯಿತು, ಅಮ್ಮ ಹೇಳಿದ್ದೇ ನಡೆಯುತ್ತದೆ, ಅದೂ ತಾನು ಸುಳ್ಳು ಹೇಳದೆ.

"ನೀವು ಆವತ್ತು ಯಾಕ ಹೋದ್ರಿ?" ಎಂದು ಕೇಳಿದ. ಇಷ್ಟು ವರ್ಷ ಕೇಳಬೇಕೆಂದುಕೊಂಡ ಮಾತು, ಬಾಯಿಂದ ಬಂದಾಗ ಬಸ್ಸಿನ ಹೊತ್ತು ಕೇಳಿದಷ್ಟು ಸಪ್ಪೆಯಾಗಿತ್ತು.

"ಹೆದರಿಕಿ ಆತು. ಎರಡು ಗಾಡಿ ತುಂಬ ಮಂದಿ. ಕಣ್ಣು ಮುಚ್ಚಿದ್ರ ಅದ. ನಾಳೆ ಹೋಗಿ ನಿಂತು, ತಪ್ಪು ನಂದು ಅಂತ ಹೇಳಬೇಕಿತ್ತು, ಅಷ್ಟ. ಅಷ್ಟು ಆಗಲಿಲ್ಲ." ಹಯವದನರು ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಂಡರು. "ಒಂದು ದಿವಸ ಬಿಟ್ಟು ಬರೋಣ ಅಂದುಕೊಂಡೆ. ಆಮ್ಯಾಲೆ ಒಂದು ವಾರ. ತಡ ಆದಷ್ಟೂ ಹೆದರಿಕಿ ಬೆಳೀತದ, ನಿನಗ ಹೆಂಗ ಗೊತ್ತಾಗಬೇಕು ಬಿಡು."

ಗೊತ್ತಿಲ್ಲದೆ ಏನು. ಅಜಯ್ ತನ್ನ ಬೂಟು ನೋಡಿಕೊಂಡ.

"ಪಾರ್ಸೆಲ್ ಚೀಟಿ ಮ್ಯಾಲೆ ನಿನ್ನ ಸಹಿ ನೋಡಿದೆ ಒಂದು ಸಲ," ಮುದುಕರು ದನಿ ತಗ್ಗಿಸಿದರು. "ಹೆಸರು ಓದಿ ಆವತ್ತು ಊಟ ಸೇರಲಿಲ್ಲ. ಎದುರು ಬರೋ ಧೈರ್ಯ ಆಗಲಿಲ್ಲ. ಅದಕ್ಕ ಮೂಟೆ ಮ್ಯಾಲೆ ಕನ್ನಡದಾಗ ಬರ್ಯಾಕ್ಹತ್ತಿದೆ. ಏಳು ತಿಂಗಳು ಬರ್ದೆ. ನೀ ನೋಡ್ಲಿಲ್ಲ ಕಾಣ್ತದ."

ಅಷ್ಟರಲ್ಲಿ ಜವಾನ ಹೆಸರು ಕೂಗಿದ.

ಒಳಗೆ ಅಧಿಕಾರಿ ಮಧ್ಯವಯಸ್ಸಿನ ಹೆಂಗಸು, ಮಾತು ಮೆತ್ತಗಿದ್ದರೂ ಕಣ್ಣು ಚುರುಕು. ಪಕ್ಕದಲ್ಲಿ ಕಂಪ್ಯೂಟರಿನ ಮುಂದೆ ಒಬ್ಬ ಗುಮಾಸ್ತ. ಅಷ್ಟು ಹೊತ್ತಿಗೆ ಪ್ರೇಮಾಬೆನ್ ಕೂಡ ಬಂದು ಸೇರಿದ್ದಳು. ಹದಿನೆಂಟು ತಿಂಗಳಿಂದ ಕಾಕಾ ತಮ್ಮಲ್ಲಿದ್ದಾರೆ, ಕೈ ನಡುಗಿ ಕುಂಚ ಹಿಡಿಯಲಾಗದೆ ಗೋದಾಮಿನವರು ಬಿಡಿಸಿದರು, ಔಷಧಕ್ಕೂ ಕಷ್ಟ ಎಂದು ಗುಜರಾತಿಯಲ್ಲಿ ವರದಿ ಒಪ್ಪಿಸಿದಳು. ಅಧಿಕಾರಿ ಹಯವದನರ ಕಡೆ ತಿರುಗಿ, ಇವರು ನಿಮ್ಮ ಮಗನೇ ಎಂದು ಕೇಳಿದರು.

ಹಯವದನರು ಅಜಯನನ್ನು ಮೊದಲ ಬಾರಿ ನೇರವಾಗಿ ನೋಡಿದರು. "ಅಲ್ಲ, ಸಾಹೇಬ್," ಎಂದರು ಗುಜರಾತಿಯಲ್ಲಿ. "ಜ್ವರದಲ್ಲಿ ಏನೋ ಹೆಸರು ಹೇಳಿದೆ. ಇವರು ಯಾರೋ. ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಬೇಕು. ಅರ್ಜಿ ಹಿಂದಕ್ಕೆ ತಗೊಳ್ಳುತ್ತೇನೆ."

ಪ್ರೇಮಾಬೆನ್ ಬಾಯಿ ತೆರೆದವಳು ಹಾಗೇ ಉಳಿದಳು. ಗುಮಾಸ್ತ ಟೈಪು ಮಾಡುವುದನ್ನು ನಿಲ್ಲಿಸಿದ. ಅಧಿಕಾರಿ ಏನೋ ಕೇಳುವ ಮೊದಲೇ ಮುದುಕರು ಕುರ್ಚಿಯ ತೋಳು ಹಿಡಿದು ಎದ್ದರು, ಚೀಲವನ್ನು ಬಲಗೈಗೆ ತೆಗೆದುಕೊಂಡರು, ಬಾಗಿಲ ಕಡೆ ಹೊರಟರು. ಬೆನ್ನು ಬಾಗಿತ್ತು, ನಡಿಗೆ ನಿಧಾನವಾಗಿತ್ತು, ಆದರೂ ಅದೇ ಬೆನ್ನು. ಬಟ್ಟೆಯ ಚೀಲದೊಳಗೆ ಗುಂಡನೆಯ ಊಟದ ಡಬ್ಬಿಯೊಂದರ ಆಕಾರ ಕಾಣುತ್ತಿತ್ತು.

ಅಜಯ್ ಹೊಸ್ತಿಲ ಮೇಲೆ ಬೂಟು ಕಟ್ಟುತ್ತಿದ್ದ ಹುಡುಗನಾದ. ಗೂಡಿನಲ್ಲಿ ಉಳಿದ ಗಡಿಯಾರ ಕಂಡಿತು. ಈಗ ಸುಮ್ಮನಿದ್ದರೆ ಸಾಕು, ಎಲ್ಲ ಉಳಿಯುತ್ತದೆ ಎಂದು ಬುದ್ಧಿ ಹೇಳುತ್ತಿತ್ತು. ಆ ಬುದ್ಧಿಯ ಮಾತನ್ನು ಅವನು ಇಪ್ಪತ್ತೊಂಬತ್ತು ವರ್ಷದಿಂದ ಕೇಳಿಕೊಂಡು ಬಂದಿದ್ದ. ಹೊಟ್ಟೆಯ ಆಳದಿಂದ ಏನೋ ಮೇಲೆ ಬಂತು. ಪ್ರೀತಿಯೋ ಏನೋ ಅವನಿಗೆ ತಿಳಿಯಲಿಲ್ಲ, ಹೆಚ್ಚಾಗಿ ಅದು ಸಿಟ್ಟೇ ಇರಬೇಕು.

"ಅಪ್ಪಾ, ಮತ್ತ ಎದ್ದು ಹೊಂಟ್ರೇನು?" ಎಂದ ಕನ್ನಡದಲ್ಲಿ. "ಕೂಡ್ರಿ ಅಲ್ಲಿ."

ಹಯವದನರು ಬಾಗಿಲಲ್ಲಿ ನಿಂತರು. ತಿರುಗಲಿಲ್ಲ. "ಹುಚ್ಚನಂಗ ಮಾಡಬ್ಯಾಡ," ಎಂದರು ಮೆಲ್ಲಗೆ.

"ಕೂಡ್ರಿ ಅಂದೆ."

ಅವರು ಬಂದು ಕೂತರು. ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಅಪ್ಪಾ ಎಂಬುದು ಅರ್ಥವಾಗಿತ್ತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಗಾದರೆ ಇವರು ನಿಮ್ಮ ತಂದೆ?"

"ಹೌದು ಮೇಡಂ. ಇವರು ಸತ್ತಿದ್ದಾರೆ ಅಂತ ನನಗೆ ರೈಲ್ವೆಯಲ್ಲಿ ನೌಕರಿ ಸಿಕ್ಕಿದೆ." ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. "ಅದನ್ನೂ ಬರೆದುಕೊಳ್ಳಿ."

ಅಧಿಕಾರಿ, ಮಲ್ಲಿಕಾರ್ಜುನರು ಹೇಳಿದ್ದ ಮಾತನ್ನೇ ಕೇಳಿದರು. ಇವರು ಬದುಕಿದ್ದಾರೆಂದು ನಿಮಗೆ ಯಾವಾಗ ತಿಳಿಯಿತು? ಸೌಮ್ಯವಾಗಿಯೇ ಕೇಳಿದರು. ನೋಟಿಸು ಬಂದಾಗ ತಾನೇ ಎಂದು ಅವರೇ ಉತ್ತರವನ್ನೂ ನೀಡಿದರು, ಗುಮಾಸ್ತನ ಬೆರಳು ಅದನ್ನು ಟೈಪು ಮಾಡಲು ಸಿದ್ಧವಾಗಿತ್ತು. ಹೂಂ ಎಂದರೆ ಮುಗಿಯುತ್ತಿತ್ತು.

ಅಜಯ್ ಅಪ್ಪನ ಕೈ ನೋಡಿದ. ಕುಂಚ ಹಿಡಿದು ಹಿಡಿದು ಬೆರಳಿಗೆ ಬಿದ್ದ ಜಡ್ಡು ಇನ್ನೂ ಹೋಗಿರಲಿಲ್ಲ.

"ಅಲ್ಲ," ಎಂದ. "ಒಂಬತ್ತು ವರ್ಷದ ಹಿಂದೆ. ಮೂಟೆಯ ಮೇಲೆ ಇವರ ಅಕ್ಷರ ನೋಡಿದೆ. ವಾರಕ್ಕೊಂದು ಬರುತ್ತಿತ್ತು. ಎಲ್ಲ ನೋಡಿದೆ."

ಹಯವದನರು ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟರು. ಗುಮಾಸ್ತ ಅಧಿಕಾರಿಯ ಮುಖ ನೋಡಿ, ಆಮೇಲೆ ಟೈಪು ಮಾಡಿದ. ಅಜಯನ ಹೆದರಿಕೆಯೇನೂ ಹೋಗಿರಲಿಲ್ಲ, ಹೇಳಿಕೆಗೆ ಸಹಿ ಹಾಕುವಾಗ ಪೆನ್ನು ಎರಡು ಸಲ ಜಾರಿತು.

ಹೊರಗೆ ಬಂದು ಅಪ್ಪನನ್ನು ಅದೇ ಬೆಂಚಿನ ಮೇಲೆ ಕೂಡಿಸಿ, ಮನೆಗೆ ಫೋನ್ ಮಾಡಿದ. ಎತ್ತಿದ್ದು ರಮಾಮಣಿ.

"ಅಮ್ಮಾ, ಹೌದು ಅಂತ ಹೇಳಿಬಿಟ್ಟೆ. ಎಲ್ಲಾ ಹೇಳಿದೆ."

"ನಾ ಹೇಳಿದ ಮಾತು ನೀ ಕೇಳಲಿಲ್ಲ," ಎಂದರು ರಮಾಮಣಿ. ಆಮೇಲೆ ಫೋನನ್ನು ಎಲ್ಲೋ ಇಟ್ಟ ಸದ್ದು, ನೆಲದ ಮೇಲೆ ಸ್ಟೂಲು ಎಳೆದ ಸದ್ದು. ಅದು ಗೋಡೆಯ ಹತ್ತಿರ ಹೋಗಿ ನಿಂತಿತು. ಫೋಟೋದ ಮೊಳೆ ಎಷ್ಟು ಎತ್ತರದಲ್ಲಿದೆ ಎಂಬುದು ಅಜಯನಿಗೆ ಗೊತ್ತಿತ್ತು, ಅದನ್ನು ಹೊಡೆದವನೇ ಅವನು.

"ಅಮ್ಮಾ, ಹತ್ತಬ್ಯಾಡ, ಬೀಳ್ತಿ," ಎಂದು ಫೋನಿನಲ್ಲಿ ಕೂಗಿದ. "ನಾವು ಬರ್ತೀವಿ. ಬಂದು ಹಾರ ನಾನ ತೆಗೀತೀನಿ."